ಆಕಾಶರಾಯನ ಡಬ್ಬಿ

ನಮ್ಮಣ್ಣನಿಗೆ ಹಸಿವಾಗುವುದೇ ತಪ್ಪು ಎಂದು ಮೊದಲು ಹೇಳಿದವಳು ಆ ಡಾಕ್ಟರಮ್ಮ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಹಸಿವು ಒಂದು ಒಳ್ಳೆಯ ಗುಣವಾಗಿತ್ತು. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ, ಯಾರ ತಂಟೆಗೂ ಹೋಗದೆ, ಮನೆಗೆ ಬಂದು ಹೊಟ್ಟೆತುಂಬ ಉಣ್ಣುವ ಗಂಡಸನ್ನು ಯಾರಾದರೂ ಆಡಿಕೊಂಡರೆ ಅವರ ಬುದ್ಧಿಯಲ್ಲೇ ಏನೋ ಐಬಿದೆ ಎಂದು ನಾವು ತಿಳಿದಿದ್ದೆವು. ಈಗ ನೋಡಿದರೆ ಐಬು ಹೊಟ್ಟೆಯಲ್ಲಂತೆ. ಅದೂ ಸರಿಯಾಗಿ ಹೊಟ್ಟೆಯಲ್ಲೂ ಅಲ್ಲವಂತೆ. ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ಅರ್ಥವಾಗಿದೆ ಎಂದು ಹೇಳುವವರನ್ನು ಕಂಡರೆ ಮೈ ಉರಿಯುತ್ತದೆ.

ಅಣ್ಣ ಬಂದರಿನಲ್ಲಿ ಕ್ರೇನ್ ನಡೆಸುವವನು. ಹಡಗಿನಿಂದ ಕಬ್ಬಿಣದ ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಲಾರಿಯ ಮೇಲೆ ಇಡುವ ಕೆಲಸ. ಅವನು ಕೂರುವುದು ಹನ್ನೆರಡು ಮಹಡಿಯಷ್ಟು ಎತ್ತರದ ಒಂದು ಗಾಜಿನ ಗೂಡಿನಲ್ಲಿ. ಪಾದದ ಕೆಳಗೂ ಗಾಜು. ಅದಕ್ಕೇ ಬಂದರಿನವರು ಅವನಿಗೆ ಆಕಾಶರಾಯ ಎಂದು ಹೆಸರಿಟ್ಟಿದ್ದರು. ನನ್ನದು ಕ್ಷೌರದಂಗಡಿ. ಅವನೂ ದಿನವಿಡೀ ಜನರ ನೆತ್ತಿ ನೋಡುತ್ತಾನೆ, ನಾನೂ ನೋಡುತ್ತೇನೆ, ಅವನಿಗೆ ಮಾತ್ರ ಯಾರೂ ರಾಜಕೀಯ ಹೇಳಿ ತಲೆ ತಿನ್ನುವುದಿಲ್ಲ. ನೆಲದ ಮೇಲೆ ನಮ್ಮಣ್ಣನಷ್ಟು ಪೆದ್ದ ಇನ್ನೊಬ್ಬನಿಲ್ಲ. ಬಾಗಿಲಿನ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾನೆ, ಕುರ್ಚಿ ಎಳೆದರೆ ಕಾಲ ಮೇಲೆ ಎಳೆದುಕೊಳ್ಳುತ್ತಾನೆ, ನೆಂಟರು ಬಂದರೆ 'ಬಂದ್ರಾ' ಎನ್ನುವಷ್ಟಕ್ಕೇ ಬೆವರುತ್ತಾನೆ. ಅದೇ ಮನುಷ್ಯ ಮೇಲೆ ಹತ್ತಿ ಕುಳಿತನೆಂದರೆ ಇಪ್ಪತ್ತು ಟನ್ನಿನ ಪೆಟ್ಟಿಗೆಯನ್ನು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ, ಸದ್ದಿಲ್ಲದೆ ಇಳಿಸುತ್ತಾನೆ. ಅದನ್ನು ನಾನು ಕಣ್ಣಾರೆ ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಇನ್ನು ಅತ್ತಿಗೆ. ಮದುವೆಯಾಗದ ಮೈದುನನನ್ನು ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವಳ ಬಗ್ಗೆ ನಾನು ಹೊಗಳಿ ಹೇಳಿದರೆ ಅನ್ನದ ಋಣ ಎಂದಾರು, ಹೇಳದಿದ್ದರೆ ಕೃತಘ್ನ ಎಂದಾರು. ಇದ್ದದ್ದನ್ನು ಹೇಳುತ್ತೇನೆ. ನಮ್ಮ ಅಡುಗೆಮನೆಯ ಕಿಟಕಿ ತೆರೆಯುವುದು ಕಟ್ಟಡದ ಮೆಟ್ಟಿಲ ಕಡೆಗೆ. ಅತ್ತಿಗೆ ಬೆಳ್ಳುಳ್ಳಿ ಹುರಿಯಲು ಶುರುಮಾಡಿದರೆ ಮೇಲಿನ ಮಹಡಿಗೆ ಹತ್ತುವವರು ನಮ್ಮ ಕಿಟಕಿಯ ಹತ್ತಿರ ಬಂದು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದರು. ಬರೀ ಮೊಟ್ಟೆ, ಬರೀ ಬದನೆಕಾಯಿ, ನಿನ್ನೆ ಉಳಿದ ಅನ್ನ, ಏನು ಕೊಟ್ಟರೂ ಸರಿ, ಅದರಲ್ಲಿ ಇನ್ನೊಂದು ತುತ್ತಿಗೆ ಕೈ ಎಳೆಯುವಂಥದ್ದೇನನ್ನೋ ತರುತ್ತಿದ್ದಳು. ಅಣ್ಣ ಮಾತಾಡದೆ ಉಣ್ಣುತ್ತಿದ್ದ. ಮೂರನೆಯ ಸಲ ತಟ್ಟೆ ಮುಂದಕ್ಕೆ ತಳ್ಳುವುದೇ ಅವನು ಹೆಂಡತಿಗೆ ಹೇಳುವ ಮಾತು. ಅವಳಿಗೂ ಅದು ಸಾಕಾಗಿತ್ತು.

ಹೀಗಿರುವಾಗ ಬಂದರಿಗೆ ಹೊಸ ಸುರಕ್ಷತಾ ಅಧಿಕಾರಿ ಬಂದ. ಮೇಲೆ ಗೂಡಿನಲ್ಲಿ ಬೆಂಕಿ ಗಿಂಕಿ ಬಿದ್ದರೆ ಆಳನ್ನು ಹಗ್ಗದ ಮೇಲೆ ಇಳಿಸಲೆಂದು ಸೊಂಟಕ್ಕೂ ತೊಡೆಗೂ ಕಟ್ಟುವ ಹೊಸ ಪಟ್ಟಿಗಳನ್ನು ತರಿಸಿದ. ಆ ಪಟ್ಟಿ ತಡೆಯುವುದು ನೂರು ಕೆಜಿಯವರೆಗೆ ಮಾತ್ರ. ಅಣ್ಣ ನೂರಾ ಒಂಬತ್ತು. ಚಳಿಗಾಲ ಮುಗಿಯುವುದರೊಳಗೆ ನೂರರ ಕೆಳಗೆ ಬರಬೇಕು, ಇಲ್ಲದಿದ್ದರೆ ಕೆಳಗೆ ಗೋದಾಮಿನಲ್ಲಿ ಹಗ್ಗ, ಕೊಕ್ಕೆ ತೆಗೆದುಕೊಡುವ ಕೆಲಸ ಎಂದು ಹೇಳಿಬಿಟ್ಟರು. ಸಂಬಳ ಅಷ್ಟೇ ಇರುತ್ತದೆ ಎಂದೂ ಹೇಳಿದರಂತೆ, ಸಮಾಧಾನಕ್ಕೆ.

ಆ ಸಂಜೆ ಅಣ್ಣ ಬೂಟು ಬಿಚ್ಚದೆ ಮಂಚದ ಅಂಚಿನಲ್ಲಿ ಕುಳಿತೇ ಇದ್ದ. ಗೋದಾಮಿನ ಕೆಲಸ ನೆರಳಿನ ಕೆಲಸ, ಮಂಡಿನೋವೂ ಇರುವುದಿಲ್ಲ ಎಂದು ನಾನು ಬುದ್ಧಿ ಹೇಳಲು ಹೋದೆ. ಅವನು ನನ್ನ ಮುಖ ನೋಡಿ, "ಕೆಳಗಡೆ ನನಗೇನೂ ಗೊತ್ತಾಗಲ್ಲ ಕಣೋ. ಎಲ್ಲಿ ನಿಲ್ಬೇಕು ಅಂತಾನೂ ಗೊತ್ತಾಗಲ್ಲ" ಎಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಿಂದ ನಾನು ಕೇಳಿದ್ದು ಕಡಿಮೆ.

ಬಂದರಿನ ಗೇಟಿನೊಳಗೇ ಒಂದು ಚಿಕ್ಕ ದವಾಖಾನೆ ಇದೆ. ಅಲ್ಲಿನ ಡಾಕ್ಟರಮ್ಮ ಇನ್ನೂ ಎಳೆಯ ವಯಸ್ಸಿನವಳು, ಮಾತಿನ ನಡುವೆ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ವಿವರಿಸಿದಳು; ನಾನು ಬೆಂಚಿನ ಕೊನೆಯಲ್ಲಿ ಕುಳಿತು ಅರ್ಧಂಬರ್ಧ ಕೇಳಿಸಿಕೊಂಡೆ. ಹೊಟ್ಟೆಯ ಗೋಡೆಯಿಂದ ಗ್ರೆಲಿನ್ ಎಂಬ ಒಂದು ಹಾರ್ಮೋನು ಹೊರಡುತ್ತದಂತೆ. ಅದು ರಕ್ತದಲ್ಲಿ ಮೇಲೇರಿದರೆ ಮೆದುಳಿಗೆ ಹಸಿವಿನ ಸುದ್ದಿ ಮುಟ್ಟುತ್ತದೆ, ಉಂಡ ಮೇಲೆ ಇಳಿಯುತ್ತದೆ. ಕೊಬ್ಬಿನಿಂದ ಲೆಪ್ಟಿನ್ ಎಂಬ ಇನ್ನೊಂದು ಹೊರಟು ಇನ್ನು ಸಾಕು ಎನ್ನುತ್ತದೆ. ಮೈ ದಪ್ಪವಾದವರಲ್ಲಿ ಅದು ಎಷ್ಟು ಕೂಗಿದರೂ ಮೆದುಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಲ್ಲಿಯವರೆಗೆ ಸರಿ. ಆಮೇಲೆ ತಲೆ ಕೆಡುವಂಥ ಮಾತು ಬಂತು. ಹೊಟ್ಟೆ ತುಂಬಿದ ಕೆಲವರಿಗೆ ಅವರ ಮನಸ್ಸಿಗೆ ಹಿಡಿಸಿದ ತಿಂಡಿ ಕೊಟ್ಟು ನೋಡಿದರಂತೆ, ಇನ್ನೊಂದು ದಿನ ಅಷ್ಟೇ ಸತ್ವದ ಸಪ್ಪೆ ತಿಂಡಿ ಕೊಟ್ಟರಂತೆ. ಸಪ್ಪೆ ತಿಂದಾಗ ಗ್ರೆಲಿನ್ ಇಳಿಯಿತು. ಇಷ್ಟದ್ದು ತಿಂದಾಗ ಹೊಟ್ಟೆ ತುಂಬಿದ್ದರೂ ಮತ್ತೆ ಎದ್ದಿತು. ನೋಡಿದರೂ ಏಳಬಹುದು, ವಾಸನೆಗೂ ಏಳಬಹುದು, ನೆನೆಸಿಕೊಂಡರೂ ಏಳಬಹುದು.

"ಅಂದ್ರೆ ನಾನು ಚೆನ್ನಾಗಿ ಅಡುಗೆ ಮಾಡೋದ್ರಿಂದಾನೇ ಇವ್ರಿಗೆ ಹೀಗಾಗಿದ್ದು ಅಂತೀರಾ?" ಎಂದು ಅತ್ತಿಗೆ ಕೇಳಿದಳು.

ಡಾಕ್ಟರಮ್ಮ ಗಾಬರಿಯಾದಳು. ಹಾಗಂತ ಖಚಿತವಾಗಿ ಹೇಳಲಾಗುವುದಿಲ್ಲ, ನೋಡಿದ್ದು ಕೆಲವೇ ಜನರ ಮೇಲೆ, ಒಬ್ಬೊಬ್ಬರ ಮೈ ಒಂದೊಂದು ಥರ, ಬೇರೆಯವರು ಬೇರೆ ಹೇಳುತ್ತಾರೆ, ಆದರೂ ಸ್ವಲ್ಪ ದಿನ ಸಪ್ಪೆ ಊಟ, ಒಂದೇ ಥರದ ಊಟ ಕೊಟ್ಟು ನೋಡೋಣ ಎಂದಳು. ಇರಬಹುದು, ಇಲ್ಲದಿರಬಹುದು, ನೋಡೋಣ. ಗಿರಾಕಿಯ ತಲೆಗೆ ಕತ್ತರಿ ಇಟ್ಟು ನಾನು ಹೀಗೆಂದರೆ ಅವನು ಎದ್ದು ಓಡಿಹೋಗುತ್ತಾನೆ.

ಅತ್ತಿಗೆ ಮನೆಗೆ ಬಂದವಳೇ ಮಸಾಲೆ ಡಬ್ಬಗಳನ್ನೆಲ್ಲ ಕಪಾಟಿನ ಮೇಲಿನ ಅಟ್ಟಕ್ಕೆ ಏರಿಸಿದಳು. ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಬೇಯಿಸಿದ ಕುಂಬಳಕಾಯಿ, ಬೇಯಿಸಿದ ಬೇಳೆ, ಒಣ ರೊಟ್ಟಿ. ಉಪ್ಪು ಹೆಸರಿಗೂ ಇಲ್ಲ. ಅಣ್ಣನಿಗೊಂದು, ನಮಗೊಂದು ಮಾಡಿದರೆ ವಾಸನೆಗೆ ಅವನ ಗ್ರೆಲಿನ್ ಎದ್ದು ಕೂರುತ್ತದೆ ಎಂದು ಅತ್ತಿಗೆಯ ಲೆಕ್ಕ, ಹಾಗಾಗಿ ಮೂವರಿಗೂ ಅದೇ. ತಪ್ಪು ಮಾಡಿದವನು ಒಬ್ಬ, ಶಿಕ್ಷೆ ಮನೆಮಂದಿಗೆಲ್ಲ ಎಂದು ನಾನು ಕೂಗಾಡಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಹೋಳು ಕುಂಬಳಕಾಯಿ ಹಾಕಿದಳು.

ಮೊದಮೊದಲು ಫಲ ಸಿಕ್ಕಿತು. ಮೂರು ಕೆಜಿ ಇಳಿದ. ಸಪ್ಪೆ ಊಟದ ಮುಂದೆ ಕುಳಿತರೆ ಅಣ್ಣ ನಾಲ್ಕು ತುತ್ತು ತಿಂದು ಕೈ ತೊಳೆಯುತ್ತಿದ್ದ. ಡಾಕ್ಟರಮ್ಮ ಹೇಳಿದ್ದು ನಿಜವೇ ಇರಬೇಕು ಎನಿಸಿತು. ಆಮೇಲೆ ಏನಾಯಿತೋ ದೇವರೇ ಬಲ್ಲ. ತೂಕ ನಿಂತಿತು. ನಿಂತದ್ದು ನಿಧಾನಕ್ಕೆ ಏರತೊಡಗಿತು. ಮಧ್ಯಾಹ್ನದ ಡಬ್ಬಿ ಸಾಲುತ್ತಿಲ್ಲ, ಹಸಿವಾಗುತ್ತದೆ ಎಂದು ಅಣ್ಣ ಹೇಳಿದ. ಸಪ್ಪೆ ತಾನೇ, ತಿನ್ನಲಿ ಬಿಡು ಎಂದು ಅತ್ತಿಗೆ ಡಬ್ಬಿಗೆ ಇನ್ನೊಂದು ಅಂತಸ್ತು ಸೇರಿಸಿದಳು. ಅದೂ ಸಾಲಲಿಲ್ಲ. ಸಂಜೆ ಮನೆಗೆ ಬಂದರೆ ಒಣ ರೊಟ್ಟಿಯನ್ನೇ ಒಂದರ ಮೇಲೊಂದು ಮುರಿದು ತಿನ್ನುತ್ತಿದ್ದ. ರುಚಿಯಿದ್ದರೆ ಹಸಿವು ಹೆಚ್ಚು ಎಂದರು, ರುಚಿ ತೆಗೆದರೆ ಇನ್ನೂ ಹೆಚ್ಚಾಯಿತಲ್ಲ, ಇದೆಂಥ ಕಥೆ ಎಂದು ಅತ್ತಿಗೆ ತಲೆಯ ಮೇಲೆ ಕೈಹೊತ್ತು ಕುಳಿತಳು.

ಮೊದಲ ಅನುಮಾನ ನನ್ನ ಮೇಲೆ ಬಂತು. ಅಂಗಡಿಗೆ ಕರೆಸಿ ಏನಾದರೂ ತಿನ್ನಿಸುತ್ತಿದ್ದೀಯಾ ಎಂದು ಕೇಳಿದಳು. ತಿನ್ನಿಸುವಂಥದ್ದು ನನ್ನ ಹತ್ತಿರ ಇದ್ದಿದ್ದರೆ ನಾನೇ ತಿನ್ನುತ್ತಿರಲಿಲ್ಲವೇ ಎಂದು ಜಗಳ ಆಡಿದೆ. ಎರಡನೆಯದು ಅಣ್ಣನ ಮೇಲೆ. ಅವನ ಅಂಗಿ ಒಗೆಯುವ ಮುಂಚೆ ಮೂಸಿ ನೋಡುವುದನ್ನು ನಾನೇ ಕಂಡೆ. ಗ್ರೀಸಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ತನಗೆ ತಿಳಿಯದ ಹಾಗೆ ಕೈಯೇ ಏನೋ ಮಾಡಿಬಿಡುತ್ತಿದೆಯೋ ಎಂದು ಬೆಂದ ಬೇಳೆಯನ್ನು ಚಮಚದಲ್ಲಿ ತೆಗೆದು ನನ್ನ ಬಾಯಿಗೆ ಹಿಡಿದು, ಸಪ್ಪೆ ತಾನೇ, ನಿಜ ಹೇಳು ಎಂದಳು. ಅತ್ತಿಗೆ, ಇದಕ್ಕಿಂತ ಸಪ್ಪೆ ಮಾಡಬೇಕೆಂದರೆ ಪಾತ್ರೆಯನ್ನೇ ಬಡಿಸಬೇಕು ಎಂದೆ. ನಗಲಿಲ್ಲ.

ಬಂದರಿನವರ ತೂಕದ ಪರೀಕ್ಷೆಗೆ ತಿಂಗಳೊಪ್ಪತ್ತು ಉಳಿದಿತ್ತು. ಡಾಕ್ಟರಮ್ಮನಿಗೂ ತಲೆ ಕೆಟ್ಟು, ಹೆಂಡತಿಯನ್ನು ಕರೆಸಿ, ಬೇಯಿಸುವುದನ್ನೆಲ್ಲ ಮೊದಲಿಂದ ಕೇಳಬೇಕು ಎಂದಳು. ನನ್ನ ಅಂಗಡಿಗೆ ಅವತ್ತು ರಜೆ, ಜೊತೆಗೆ ಹೋದೆ. ದವಾಖಾನೆಯಲ್ಲಿ ಯಾರದ್ದೋ ಬೆರಳು ಜಜ್ಜಿ ರಕ್ತವೋ ರಕ್ತ, ಸ್ವಲ್ಪ ಹೊತ್ತು ಹೊರಗೆ ಇರಿ ಎಂದರು. ಆಗ ಎದುರಾದವನು ಸೀಟಿ. ಅಣ್ಣನ ಕ್ರೇನಿನ ಕೆಳಗೆ ನಿಂತು ಪೆಟ್ಟಿಗೆ ಎಲ್ಲಿಡಬೇಕು ಎಂದು ಕೈಸನ್ನೆ ಮಾಡುವ ಆಳು. ಕೊರಳಲ್ಲಿ ಸೀಟಿ ನೇತಾಡುವುದರಿಂದ ಆ ಹೆಸರು. ಅತ್ತಿಗೆ ಯಾರೆಂದು ತಿಳಿದದ್ದೇ ತಡ, ತಲೆಯ ಮೇಲಿನ ಹಳದಿ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ತನ್ನ ತಗಡಿನ ಶೆಡ್ಡಿಗೆ ಕರೆದುಕೊಂಡು ಹೋಗಿ, ಇದ್ದ ಒಂದೇ ಕುರ್ಚಿಯನ್ನು ಅಂಗೈಯಲ್ಲೇ ಒರೆಸಿ ಅತ್ತಿಗೆಗೆ ಕೊಟ್ಟ.

"ನಿಮ್ಮ ಕೈ ಅಡುಗೆ ನಾವು ಯಾರೂ ತಿಂದಿಲ್ಲ ಅಮ್ಮ. ಆದ್ರೆ ಇಲ್ಲಿರೋ ಪ್ರತಿಯೊಬ್ರಿಗೂ ಅದರ ರುಚಿ ಗೊತ್ತು" ಎಂದ.

ಇದೇನು ಒಗಟು ಎಂದು ನಾನು ಕೇಳುವಷ್ಟರಲ್ಲಿ ಮಧ್ಯಾಹ್ನದ ಸೈರನ್ ಆಯಿತು. ಕ್ರೇನುಗಳು ಒಂದೊಂದಾಗಿ ನಿಂತವು. ಮೇಲಿದ್ದವರು ಯಾರೂ ಇಳಿಯಲಿಲ್ಲ. ಇಳಿದು ಮತ್ತೆ ಹತ್ತುವಷ್ಟರಲ್ಲಿ ಊಟದ ವಿರಾಮವೇ ಮುಗಿಯುತ್ತದೆ, ಅದಕ್ಕೆ ಡಬ್ಬಿಯನ್ನು ಬೆಳಿಗ್ಗೆಯೇ ಮೇಲೆ ಒಯ್ಯುತ್ತಾರೆ, ಅಲ್ಲಲ್ಲೇ ಒಬ್ಬೊಬ್ಬರೇ ಕೂತು ತಿನ್ನುತ್ತಾರೆ. ಒಬ್ಬೊಬ್ಬರೇ ಎಂದೇನೋ ಹೇಳಿದೆ, ಆದರೆ ಎಲ್ಲರ ವಾಕಿಟಾಕಿಯೂ ಆ ಹೊತ್ತಿನಲ್ಲಿ ತೆರೆದಿರುತ್ತದೆ. ಮೇಜಿನ ಮೇಲಿದ್ದ ಸೀಟಿಯ ವಾಕಿಟಾಕಿ ಗೊರಗೊರ ಎಂದಿತು. ಯಾರೋ, ಆಕಾಶರಾಯ, ಇವತ್ತು ಡಬ್ಬಿಯಲ್ಲಿ ಏನಪ್ಪಾ ಎಂದು ಕೇಳಿದರು.

ಉತ್ತರಿಸಿದ್ದು ನಮ್ಮಣ್ಣ. ನಮ್ಮಣ್ಣನ ದನಿಯೇ, ಆದರೆ ಅಷ್ಟು ಸಲೀಸಾಗಿ ಅವನು ಮಾತಾಡುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅತ್ತಿಗೆಯೂ ಕೇಳಿರಲಿಲ್ಲ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಇವತ್ತು ಮೀನು. ಹಿಟ್ಟು ಸವರಿ ಹುರಿದಿದ್ದಾಳೆ. ಅಂಚಿಗೆ ಕಂದು ಬಣ್ಣ ಬಂದಿದೆ, ನಡುವೆ ಮಾತ್ರ ಬೆಳ್ಳಗೆ, ಬೆರಳು ತಾಗಿದ್ರೆ ಬಿಟ್ಕೊಳ್ಳತ್ತೆ. ಮೇಲೆ ಬೆಳ್ಳುಳ್ಳಿ, ನಿಂಬೆ. ನಿಂಬೆ ಜಾಸ್ತಿ ಇಲ್ಲ, ಅವಳು ಯಾವತ್ತೂ ಜಾಸ್ತಿ ಹಿಂಡಲ್ಲ. ಕೇಳಿಸ್ಕೊಳ್ಳಿ, ಮುರೀತೀನಿ." ಕಟಂ ಎಂದು ಸದ್ದಾಯಿತು. ವಾಕಿಟಾಕಿಯ ತುಂಬ ಹತ್ತಾರು ಗಂಡಸರು ನಿಟ್ಟುಸಿರು ಬಿಟ್ಟರು.

"ಅದು ನಾನು ಹಾಕಿದ ಹಸಿ ಕ್ಯಾರೆಟ್ಟು" ಎಂದಳು ಅತ್ತಿಗೆ, ತನ್ನಷ್ಟಕ್ಕೆ.

ಸೀಟಿಗೆ ಅರ್ಥವಾಗಲಿಲ್ಲ, ಹೆಮ್ಮೆಯಿಂದ ವಿವರಿಸತೊಡಗಿದ. ವರ್ಷಗಳಿಂದ ಹೀಗೇ ಅಂತೆ. ಬೇರೆಯವರು ತಂದದ್ದು ಏನೇ ಇರಲಿ, ಆಕಾಶರಾಯ ತನ್ನ ಡಬ್ಬಿ ತೆರೆದು ಬಣ್ಣಿಸಿದ ಮೇಲೆಯೇ ಊಟ ಶುರು. ಒಣ ಬ್ರೆಡ್ಡು ತಿನ್ನುವವನಿಗೂ ಅದನ್ನು ಕೇಳುತ್ತ ತಿಂದರೆ ಇಳಿಯುತ್ತದೆ. ಈಚೆಗಂತೂ ಇನ್ನೂ ಚೆನ್ನಾಗಿ ಹೇಳುತ್ತಾನೆ, ಕೇಳಿಯೇ ಬಾಯಲ್ಲಿ ನೀರೂರುತ್ತದೆ ಎಂದ. ಮೇಲೆ ಅಣ್ಣ ಈಗ ಬದನೆಕಾಯಿಗೆ ಬಂದಿದ್ದ. ಸುಟ್ಟ ಸಿಪ್ಪೆಯ ಘಮ, ಎಣ್ಣೆ ಬಿಟ್ಟುಕೊಂಡ ಅಂಚು, ತಳದಲ್ಲಿ ಹಿಡಿದ ಈರುಳ್ಳಿಯನ್ನು ಅವಳು ಕೆರೆದು ಹೇಗೆ ಮೇಲೆ ಹಾಕುತ್ತಾಳೆ ಎನ್ನುವುದರವರೆಗೆ ಒಂದನ್ನೂ ಬಿಡಲಿಲ್ಲ.

ಆಗ ನನಗೆ ಬೆಂಚಿನ ಕೊನೆಯಲ್ಲಿ ಕುಳಿತು ಕೇಳಿದ ಮಾತು ಹೊಳೆಯಿತು. ನೆನೆಸಿಕೊಂಡರೂ ಏಳಬಹುದು ಎಂದಿದ್ದಳಲ್ಲ. ಈ ಪುಣ್ಯಾತ್ಮ ದಿನಾ ಮಧ್ಯಾಹ್ನ ಕುಂಬಳಕಾಯಿ ಮುಂದಿಟ್ಟುಕೊಂಡು, ಮೀನು ಮೊಟ್ಟೆ ಎಲ್ಲವನ್ನೂ ಬಾಯಲ್ಲೇ ಬೇಯಿಸಿ, ಹುರಿದು, ತಾನೇ ತನ್ನ ಹಸಿವನ್ನು ಬಡಿದೆಬ್ಬಿಸಿ, ಆಮೇಲೆ ಮೂರು ಅಂತಸ್ತಿನ ಸಪ್ಪೆ ತಿಂದು, ಹೊಟ್ಟೆ ತುಂಬಿಯೂ ಹಸಿದುಕೊಂಡು ಮನೆಗೆ ಬರುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ದಿನ ನಾನು ಉಪ್ಪಿಲ್ಲದ ಬೇಳೆ ತಿಂದದ್ದು ಇದಕ್ಕಾ ಎನಿಸಿತು. ಅತ್ತಿಗೆಯನ್ನು ನೋಡಿದರೆ ಅವಳು ಕೋಪದಲ್ಲಿರಲಿಲ್ಲ. ದುಃಖದಲ್ಲೂ ಇದ್ದ ಹಾಗೆ ಕಾಣಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು, ಯಾರದೋ ಮನೆಯ ಹೆಂಗಸಿನ ಸುದ್ದಿ ಕೇಳುವವಳ ಹಾಗೆ ಕುಳಿತಿದ್ದಳು.

ಆಮೇಲೆ ಎದ್ದು ಸೀಟಿಯ ವಾಕಿಟಾಕಿ ಕೈಗೆ ತೆಗೆದುಕೊಂಡಳು. ಯಾವುದನ್ನು ಒತ್ತಬೇಕು ಎಂದು ಕೇಳಿದಳು. ಅವನು ತೋರಿಸಿದ.

"ನಾನು ಇವರ ಹೆಂಡ್ತಿ. ಡಬ್ಬಿಯಲ್ಲಿ ಮೀನಿಲ್ಲ. ಬೇಯಿಸಿದ ಕುಂಬಳಕಾಯಿ ಇದೆ, ಬೇಳೆ ಇದೆ. ಉಪ್ಪು ಹಾಕಿಲ್ಲ, ಖಾರ ಹಾಕಿಲ್ಲ, ಬಾಯಿಗಿಡಕ್ಕಾಗಲ್ಲ. ನಾನೇ ಮಾಡಿ ಕೊಟ್ಟಿದ್ದು, ಮೂರು ತಿಂಗಳಿಂದ ಅದನ್ನೇ ಕೊಡ್ತಿರೋದು. ಇವರು ಹೇಳಿದ್ದೆಲ್ಲ ಸುಳ್ಳು. ಇನ್ನು ಯಾರೂ ಇವರನ್ನ ಡಬ್ಬಿಯಲ್ಲಿ ಏನಿದೆ ಅಂತ ಕೇಳ್ಬೇಡಿ."

ಸೀಟಿ ನೆಲ ನೋಡುತ್ತ ನಿಂತ. ಮೇಲಿನ ಗೂಡಿನಿಂದ ಅಣ್ಣನ ದನಿ ಬಂತು, ಮನೆಯಲ್ಲಿ ಆಡುವ ಆ ತಡವರಿಸುವ ದನಿ. "ನಿನ್ನ ಹೆಸ್ರು ಹಾಳಾಗತ್ತೆ ಅಂತ..." ಎಂದ.

"ನನ್ನ ಹೆಸ್ರು ಹಾಳಾದ್ರೆ ಆಗ್ಲಿ. ನೀವು ಮೇಲೇ ಇರ್ಬೇಕು" ಎಂದಳು ಅತ್ತಿಗೆ. ಈ ಸಲ ಗುಂಡಿಯನ್ನು ಬಿಡಲು ಮರೆತು ಒತ್ತಿಕೊಂಡೇ ನಿಂತಿದ್ದಳು, ಅವಳು ಮೂಗು ಎಳೆದುಕೊಂಡದ್ದೂ ಎಲ್ಲರಿಗೂ ಕೇಳಿಸಿತು.

ಅವತ್ತಿನಿಂದ ಮಧ್ಯಾಹ್ನದ ಹೊತ್ತು ಯಾರೂ ಅವನನ್ನು ಕೇಳಲಿಲ್ಲ. ಗಾಳಿ, ಮಳೆ, ಚೆಂಡಾಟ ಎಂದು ಏನೇನೋ ಮಾತಾಡಿ ತಮ್ಮ ತಮ್ಮ ಡಬ್ಬಿ ಮುಗಿಸಿದರು, ಊಟ ರುಚಿಸುತ್ತಿಲ್ಲ ಎಂದು ಸೀಟಿ ನನ್ನ ಅಂಗಡಿಗೆ ಬಂದು ಗೋಳಾಡಿದ. ಅಣ್ಣನ ಡಬ್ಬಿಯಲ್ಲಿ ಒಂದು ಅಂತಸ್ತು ಮುಟ್ಟದೆ ವಾಪಸು ಬರತೊಡಗಿತು, ಆಮೇಲೆ ಎರಡು. ಸಂಜೆಯ ರೊಟ್ಟಿಯೂ ಕಡಿಮೆಯಾಯಿತು. ಮಾತು ನಿಂತದ್ದರಿಂದ ಗ್ರೆಲಿನ್ ಇಳಿಯಿತೇ ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ. ಪೆನ್ನಿನ ಮುಚ್ಚಳ ಕಚ್ಚಿ, ಇರಬಹುದು, ಮನಸ್ಸಿಗೆ ಬೇಜಾರಾಗಿದ್ದರಿಂದಲೂ ಇರಬಹುದು, ರಕ್ತ ಪರೀಕ್ಷೆ ಮಾಡದೆ ಹೇಳಲಾಗದು, ಮಾಡಿದರೂ ಪೂರ್ತಿ ಹೇಳಲಾಗದು ಎಂದಳು. ಅವಳ ಮೇಲೆ ನನಗಿದ್ದ ಸಿಟ್ಟು ಯಾಕೋ ಅವತ್ತು ಹೋಯಿತು. ಪಾಪ, ಅವಳೂ ನಮ್ಮ ಹಾಗೇ ಕತ್ತಲಲ್ಲಿ ತಡವುತ್ತಿದ್ದಾಳೆ ಎನಿಸಿತು.

ಪರೀಕ್ಷೆಯ ಬೆಳಿಗ್ಗೆ ಅಣ್ಣ ತೂಕದ ಯಂತ್ರ ಹತ್ತಿದ. ತೊಂಬತ್ತೆಂಟೂವರೆ. ಪಟ್ಟಿ ಕಟ್ಟಿ ನೋಡಿದರು, ಸರಿ ಎಂದರು. ನಾಳೆಯಿಂದ ಎಂದಿನ ಹಾಗೆ ಮೇಲೆ ಹತ್ತಬಹುದು, ಇವತ್ತು ಮನೆಗೆ ಹೋಗಿ ಎಂದರು. ಅಣ್ಣ ಹೊರಗೆ ಬಂದು, ತಲೆಯೆತ್ತಿ ಕ್ರೇನನ್ನು ನೋಡಿದ, ಆಮೇಲೆ ಅತ್ತಿಗೆಯನ್ನು ನೋಡಿದ. ನಾನೇ, ನಡೀರಿ, ಬಿಸಿಲು ಎಂದೆ.

ಅತ್ತಿಗೆ ಮನೆಗೆ ಬಂದವಳೇ ಅಟ್ಟದಿಂದ ಡಬ್ಬಗಳನ್ನು ಇಳಿಸಿದಳು. ಅವತ್ತು ಒಂದು ದಿನ ಮಾತ್ರ ಎಂದು ಯಾರನ್ನೋ ಒಪ್ಪಿಸುವ ಹಾಗೆ ಎರಡು ಸಲ ಹೇಳಿಕೊಂಡಳು. ಬೆಳ್ಳುಳ್ಳಿ ಎಣ್ಣೆಗೆ ಬಿದ್ದಾಗ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ನಿಂತದ್ದು ಕೇಳಿಸಿತು. ಮೀನು, ಬದನೆಕಾಯಿ, ತಳ ಹಿಡಿದ ಈರುಳ್ಳಿ, ಅಣ್ಣ ವಾಕಿಟಾಕಿಯಲ್ಲಿ ಹೇಳಿದ್ದೆಲ್ಲವೂ ತಟ್ಟೆಗೆ ಬಂತು. ನಾನು ನಾಚಿಕೆ ಬಿಟ್ಟು ಕುಳಿತೆ. ಅಣ್ಣ ಒಂದು ತುಂಡು ತಿಂದ, ಇನ್ನೊಂದು ತಿಂದ, ಕಣ್ಣು ಮುಚ್ಚಿ ಅಗಿದ. ಅರ್ಧ ತಟ್ಟೆ ಉಳಿದಿರುವಾಗಲೇ ಕೈ ನಿಲ್ಲಿಸಿದ.

"ಚೆನ್ನಾಗಿಲ್ವಾ?" ಎಂದಳು ಅತ್ತಿಗೆ.

ತುಂಬಾ ಚೆನ್ನಾಗಿದೆ ಎಂದ ಅಣ್ಣ. ಆದರೆ ಹೊಟ್ಟೆ ತುಂಬಿತು ಎಂದ. ಹಾಗೆ ಹೇಳಿ ತಾನೇ ಬೆಚ್ಚಿಬಿದ್ದವನಂತೆ ತಟ್ಟೆಯನ್ನು ನೋಡಿದ. ಅತ್ತಿಗೆ ನನ್ನ ಕಡೆ ತಿರುಗಿ ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ನನ್ನ ಬಾಯಿ ತುಂಬ ಮೀನಿತ್ತು. ತೂಕ ಇಳಿದದ್ದಕ್ಕೆ ಸಂತೋಷಪಡಬೇಕೋ, ಆ ಮೂರನೆಯ ಸಲ ಮುಂದಕ್ಕೆ ಬರುತ್ತಿದ್ದ ತಟ್ಟೆ ಇನ್ನು ಬಾರದು ಎಂದು ಅಳಬೇಕೋ ತಿಳಿಯದೆ ಅವಳು ಸೌಟು ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ಕುಳಿತು ತನಗೇ ಬಡಿಸಿಕೊಂಡಳು. ಮೊದಲ ತುತ್ತು ಬಾಯಿಗಿಟ್ಟಳು, ಎರಡನೆಯದು, ಮೂರನೆಯದು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ತಟ್ಟೆ ಖಾಲಿಯಾಯಿತು, ಇನ್ನೊಂದು ಸಲ ಹಾಕಿಕೊಂಡಳು, ಅದೂ ಖಾಲಿಯಾಯಿತು. ನಾನೂ ಅಣ್ಣನೂ ಉಣ್ಣುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದೆವು. ಅವಳು ತಲೆ ಎತ್ತಲಿಲ್ಲ.

"ನನಗೆ ಎಷ್ಟು ದಿನದಿಂದ ಹಸಿವಾಗ್ತಿದೆ ಗೊತ್ತೇನ್ರೀ" ಎಂದಳು.

ಅಷ್ಟೂ ತಿಂಗಳು ನಾನು ಕೂಗಾಡಿದ್ದೆ, ಅಣ್ಣ ಮೇಲೆ ಕೂತು ಬಣ್ಣಿಸಿದ್ದ, ಡಾಕ್ಟರಮ್ಮ ಅವನ ಹೊಟ್ಟೆಯನ್ನು ಒಳಗೂ ಹೊರಗೂ ವಿಚಾರಿಸಿದ್ದಳು. ನಿನಗೆ ಹಸಿವೇ ಎಂದು ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ. ಅಣ್ಣ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು ಅವಳಿಗೆ ಬಡಿಸಿದ. ಅವಳು ಸಾಕು ಎನ್ನಲಿಲ್ಲ.